ಸುಂಟರಗಾಳಿಯ ಬೆನ್ನುಹತ್ತಿದವರ ನಗೆಕೂಟ

ಅಮೆರಿಕದ ಡೆನ್ವರ್ ನಗರದಲ್ಲಿ ಫೆಬ್ರುವರಿಯೆಂದರೆ ಹಿಮದ ಕಾಲ. ಸುಂಟರಗಾಳಿ ಏಳುವ ಮಾತೇ ಇಲ್ಲ. ಆದರೆ ಸುಂಟರಗಾಳಿಯ ಹಿಂದೆ ಕಾರು ಓಡಿಸುವ ಹುಚ್ಚು ಹತ್ತಿಸಿಕೊಂಡವರು ವರ್ಷಕ್ಕೊಮ್ಮೆ ಅಲ್ಲಿ ಸೇರತೊಡಗಿದ್ದು ಆ ತಿಂಗಳಲ್ಲೇ. ಟಿಮ್ ಸಮಾರಸ್ ಎಂಬ ಎಂಜಿನಿಯರ್ ಮತ್ತು ಅವರ ಗೆಳೆಯ ರೋಜರ್ ಹಿಲ್ 1990ರ ದಶಕದ ಕೊನೆಯಲ್ಲಿ ಹುಟ್ಟುಹಾಕಿದ ಕೂಟ ಅದು. ಮೊದಮೊದಲು ಸಮಾರಸ್ ಮನೆಯಲ್ಲೇ ಒಂದಷ್ಟು ಮಂದಿ ಕೂತು ವಿಡಿಯೊ ನೋಡುತ್ತಿದ್ದರು. ಮನೆ ಸಾಲದಾದಾಗ ಹೋಟೆಲಿನ ಸಭಾಂಗಣ ಬೇಕಾಯಿತು, ಹೆಸರೂ ದೊಡ್ಡದಾಯಿತು: ನ್ಯಾಷನಲ್ ಸ್ಟಾರ್ಮ್ ಚೇಸರ್ ಕನ್ವೆನ್ಷನ್, ಬಾಯಿಮಾತಿನಲ್ಲಿ ‘ಚೇಸರ್‌ಕಾನ್’. ಹಗಲು ಹವಾಮಾನ ವಿಜ್ಞಾನಿಗಳ ಉಪನ್ಯಾಸ, ರಾತ್ರಿ ಕಳೆದ ಋತುವಿನ ವಿಡಿಯೊ ಪ್ರದರ್ಶನ, ನಡುನಡುವೆ ಊಟ, ಹರಟೆ, ಕಾಲೆಳೆದಾಟ. ಚಳಿಗಾಲವಿಡೀ ಮೋಡ ಕಾಣದೆ ತಮಗೆ ‘ಸೂಪರ್‌ಸೆಲ್ ಕೊರತೆಯ ಕಾಯಿಲೆ’ ಬಂದಿದೆ ಎಂದು ತಮ್ಮನ್ನೇ ಗೇಲಿ ಮಾಡಿಕೊಳ್ಳುವ ಜನ ಇವರು. ಜೀವ ತೆಗೆಯುವ ಗಾಳಿಯ ವಿಷಯದಲ್ಲಿ ಇಷ್ಟೊಂದು ನಗೆ ಏಕೆ ಎಂದು ಹುಬ್ಬೇರಿಸುವವರಿಗೆ ಕೊರತೆಯಿಲ್ಲ. ನನಗನ್ನಿಸುವುದು ಬೇರೆ: ಈ ಹವ್ಯಾಸ ಬರೀ ಚಟವಾಗಿ ಕೆಡದೆ ಕಲಿಕೆಯಾಗಿ ಉಳಿದಿರುವಷ್ಟು ಮಟ್ಟಿಗೆ, ಅದನ್ನು ಉಳಿಸಿರುವುದರಲ್ಲಿ ಆ ನಗೆಯದೇ ದೊಡ್ಡ ಪಾಲು.

ಅದು ಹೇಗೆಂದು ತಿಳಿಯಲು ಇವರ ಸೋಲಿನ ಲೆಕ್ಕ ನೋಡಬೇಕು. ಏಪ್ರಿಲ್‌ನಿಂದ ಜೂನ್‌ವರೆಗೆ ಮೆಕ್ಸಿಕೊ ಕೊಲ್ಲಿಯ ತೇವದ ಗಾಳಿ ಟೆಕ್ಸಸ್, ಒಕ್ಲಹೋಮ, ಕ್ಯಾನ್ಸಸ್ ಬಯಲಿನ ಮೇಲೆ ಉತ್ತರಕ್ಕೆ ಹರಿಯುತ್ತದೆ. ನೈಋತ್ಯದ ಮರುಭೂಮಿಯ ಕಡೆಯಿಂದ ಒಣಗಾಳಿ ಬರುತ್ತದೆ. ಇವೆರಡೂ ಸಂಧಿಸುವ ಗೆರೆಯ ಬಳಿ ಮೋಡ ಏಳುತ್ತದೆ. ಎತ್ತರಕ್ಕೆ ಹೋದಂತೆ ಗಾಳಿಯ ದಿಕ್ಕೂ ವೇಗವೂ ಬದಲಾಗುತ್ತಿದ್ದರೆ ಇಡೀ ಮೋಡವೇ ತಿರುಗತೊಡಗಿ ಸೂಪರ್‌ಸೆಲ್ ಆಗುತ್ತದೆ. ಆದರೆ ತೇವಗಾಳಿಯ ನೆತ್ತಿಯ ಮೇಲೆ ಬೆಚ್ಚಗಿನ ಒಣ ಪದರವೊಂದು ಅಡ್ಡ ಕೂತಿರುತ್ತದೆ. ಅದು ತೆಳುವಾಗಿದ್ದರೆ ಬೆಳಗ್ಗೆಯೇ ಚಿಲ್ಲರೆ ಮಳೆ ಸುರಿದು ಕಸುವೆಲ್ಲ ಸೋರಿಹೋಗುತ್ತದೆ. ದಪ್ಪವಾಗಿದ್ದರೆ ಸಂಜೆಯಾದರೂ ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲ. ನೂರಾರು ಕಿಲೋಮೀಟರ್ ಓಡಿಸಿಕೊಂಡು ಬಂದವರು ಯಾವುದೋ ಸಣ್ಣ ಊರಿನ ಪೆಟ್ರೋಲ್ ಬಂಕಿನ ಅಂಗಳದಲ್ಲಿ ಚೆಂಡೆಸೆಯುತ್ತ ಕಾದು ಕಾದು, ನೀಲಿ ಆಕಾಶವನ್ನು ಬೈದು ವಾಪಸಾಗುತ್ತಾರೆ. ಮೋಡ ತಿರುಗಿದರೂ ಆಯಿತೆನ್ನುವಂತಿಲ್ಲ. ಬಹುಪಾಲು ಸೂಪರ್‌ಸೆಲ್‌ಗಳು ಸುಂಟರಗಾಳಿಯನ್ನು ಇಳಿಸುವುದೇ ಇಲ್ಲ. ಬರಿಗೈಯ ಈ ದಿನಗಳಿಗೆ ಅವರು ‘ಬಸ್ಟ್’ ಎನ್ನುತ್ತಾರೆ. ಸುಂಟರಗಾಳಿ ಸಿಕ್ಕ ರಾತ್ರಿ ಸ್ಟೇಕ್ ಊಟ, ಸಿಗದ ರಾತ್ರಿ ಬಂಕಿನ ಅಂಗಡಿಯಲ್ಲಿ ಏನಿದೆಯೋ ಅದು.

ಗೆಲುವು ಇಷ್ಟು ವಿರಳವಾದ ಕಡೆ ಬಡಾಯಿ ಬೆಳೆಯುವುದು ಸುಲಭ. ಮೀನು ಹಿಡಿಯುವವರ ಬಾಯಲ್ಲಿ ತಪ್ಪಿಸಿಕೊಂಡ ಮೀನೇ ಯಾವಾಗಲೂ ದೊಡ್ಡದು. ಆದರೆ ಬಲ್ಲವರೇ ತುಂಬಿದ ಸಭೆಯಲ್ಲಿ, ತಾನು ಯಾವ ಊರಿಗೆ ಹೋಗಿ ಕಾದೆ, ಗಾಳಿ ಎಲ್ಲಿ ಕೈಕೊಟ್ಟಿತು, ನಿಜವಾದ ಮೋಡ ಎರಡು ಜಿಲ್ಲೆ ಆಚೆ ಹೇಗೆ ಎದ್ದಿತು ಎಂದು ನಗಿಸುತ್ತ ಹೇಳಬೇಕಾದವನು ತನ್ನ ಮುನ್ಸೂಚನೆಯ ತಪ್ಪನ್ನೂ ಬಿಡಿಸಿಟ್ಟಂತಾಯಿತು. ನಗುವವರಿಗೆ ಆ ನಕ್ಷೆ ಗೊತ್ತು, ಆ ದಿನವೂ ನೆನಪಿದೆ; ಸುಳ್ಳು ನಡೆಯದು. ವೈಜ್ಞಾನಿಕ ಪತ್ರಿಕೆಗಳಲ್ಲಿ ವಿಫಲ ಪ್ರಯತ್ನಗಳಿಗೆ ಜಾಗ ಕಡಿಮೆ ಎಂಬ ದೂರು ಹಳೆಯದು. ಇಲ್ಲಿ ಅದಕ್ಕೇ ಮೊದಲ ಜಾಗ.

ಈ ಗುಣ ಚೇಸರ್‌ಕಾನ್‌ನಿಂದ ಬಂದದ್ದಲ್ಲ, ಹವ್ಯಾಸದ ಬೇರಿನಲ್ಲೇ ಇದ್ದದ್ದು. ಡೇವಿಡ್ ಹೋಡ್ಲಿ 1956ರಲ್ಲಿ, ಇನ್ನೂ ಹದಿಹರೆಯದಲ್ಲಿದ್ದಾಗ, ನಾರ್ತ್ ಡಕೋಟದ ಬಿಸ್ಮಾರ್ಕ್ ಊರಿಗೆ ಬಡಿದ ಬಿರುಗಾಳಿಯನ್ನು ಕಂಡು ಬೆನ್ನಟ್ಟಲು ತೊಡಗಿದವರು. ಮುಂದೆ ದೂರದ ವರ್ಜೀನಿಯದಲ್ಲಿ ಸರ್ಕಾರಿ ನೌಕರಿ ಮಾಡಿಕೊಂಡು ರಜೆ ಹಾಕಿ ಬಯಲುಸೀಮೆಗೆ ಹೋಗುತ್ತಿದ್ದರು. 1977ರಲ್ಲಿ ಅವರು ‘ಸ್ಟಾರ್ಮ್ ಟ್ರ್ಯಾಕ್’ ಎಂಬ ಪುಟ್ಟ ಪತ್ರಿಕೆ ಆರಂಭಿಸಿದಾಗ ಅದರಲ್ಲಿ ಹವಾಮಾನ ನಕ್ಷೆಗಳ ಪಕ್ಕದಲ್ಲೇ ಅವರ ಕೈಯ ವ್ಯಂಗ್ಯಚಿತ್ರಗಳೂ ಇರುತ್ತಿದ್ದವು. ‘ಫನಲ್ ಫನ್ನೀಸ್’ ಎಂದು ಅವಕ್ಕೆ ಹೆಸರು. ಚದುರಿಹೋಗಿದ್ದ ಬೆರಳೆಣಿಕೆಯ ಹವ್ಯಾಸಿಗಳು ಒಂದು ಬಳಗವಾದದ್ದು ಆ ಪತ್ರಿಕೆಯಿಂದ. ಮುಂದೆ ಅದರ ಸಂಪಾದಕರಾದ ಟಿಮ್ ಮಾರ್ಷಲ್, ಗಾಳಿಗೆ ಕಟ್ಟಡಗಳು ಹೇಗೆ ಕುಸಿಯುತ್ತವೆ ಎಂಬುದನ್ನು ಅಭ್ಯಾಸ ಮಾಡುವ ಎಂಜಿನಿಯರ್. ನಗಿಸುವವರೂ ಅಳೆಯುವವರೂ ಒಂದೇ ಪತ್ರಿಕೆಯಲ್ಲಿ, ಹಲವು ಸಲ ಒಬ್ಬನೇ ಮನುಷ್ಯನಲ್ಲಿ.

ವಿಜ್ಞಾನಿಗಳೂ ಇದರಿಂದ ದೂರ ನಿಂತವರಲ್ಲ. ಒಕ್ಲಹೋಮದ ನಾರ್ಮನ್ ಊರಿನಲ್ಲಿರುವ ರಾಷ್ಟ್ರೀಯ ಬಿರುಗಾಳಿ ಪ್ರಯೋಗಾಲಯ 1972ರಿಂದ ತಂಡಗಳನ್ನು ಕಾರಿನಲ್ಲಿ ಹೊರಡಿಸಿತು. 1973ರ ಮೇ 24ರಂದು ಯೂನಿಯನ್ ಸಿಟಿಯ ಸುಂಟರಗಾಳಿಯನ್ನು ಹುಟ್ಟಿನಿಂದ ಅಳಿವಿನವರೆಗೆ ನೆಲದ ಮೇಲಿನವರು ಚಿತ್ರೀಕರಿಸಿದರು. ಅದೇ ಹೊತ್ತಿಗೆ ಡಾಪ್ಲರ್ ರಾಡಾರ್ ಅದರ ಒಳಗಾಳಿಯನ್ನು ದಾಖಲಿಸಿತು. ಎರಡನ್ನೂ ಹೋಲಿಸಿ ನೋಡಿದ ಮೇಲೆ, ಸುಂಟರಗಾಳಿಯ ಗುರುತು ರಾಡಾರ್ ಪರದೆಯಲ್ಲಿ ಹೇಗೆ ಕಾಣುತ್ತದೆ ಎಂಬುದು ಗೊತ್ತಾಯಿತು. 1980ರ ದಶಕದಲ್ಲಿ ಸುಂಟರಗಾಳಿಯ ದಾರಿಯಲ್ಲಿ ಇಡಲೆಂದು ಉಪಕರಣ ತುಂಬಿದ ಭಾರಿ ಪೀಪಾಯಿಯೊಂದನ್ನು ಮಾಡಿದರು. ‘ವಿಝರ್ಡ್ ಆಫ್ ಆಝ್’ ಕಥೆಯಲ್ಲಿ ಸುಂಟರಗಾಳಿಗೆ ಸಿಕ್ಕಿ ಹಾರಿಹೋಗುವ ನಾಯಿಯ ಹೆಸರನ್ನೇ, ಟೋಟೊ ಎಂದು, ಅದಕ್ಕೆ ಇಟ್ಟರು. ಅದು ಒಮ್ಮೆಯೂ ಸರಿಯಾಗಿ ಗಾಳಿಯ ನಡುವೆ ಸಿಗಲಿಲ್ಲ; ಅಂಚಿನ ಗಾಳಿಗೇ ಮಗುಚಿಕೊಂಡಿತು. 1996ರ ‘ಟ್ವಿಸ್ಟರ್’ ಚಿತ್ರದವರು ಅದೇ ಕಥೆಯ ಹುಡುಗಿ ಡೊರೊಥಿಯ ಹೆಸರನ್ನು ತಮ್ಮ ಯಂತ್ರಕ್ಕೆ ಇಟ್ಟದ್ದು ಈ ನೆನಪಿನಲ್ಲಿ. ಟೋಟೊ ಸೋತಲ್ಲಿ ಗೆದ್ದವರು ಹವಾಮಾನ ಶಾಸ್ತ್ರದ ಪದವಿಯಿಲ್ಲದ ಸಮಾರಸ್. ನೆಲಕ್ಕೆ ಅಂಟಿ ಕೂರುವ ಗಿಡ್ಡ ಶಂಕುವಿನಾಕಾರದ ಉಪಕರಣವನ್ನು ಅವರು 2003ರ ಜೂನ್ 24ರಂದು ಸೌತ್ ಡಕೋಟದ ಮ್ಯಾಂಚೆಸ್ಟರ್ ಬಳಿ ಸುಂಟರಗಾಳಿಯ ದಾರಿಯಲ್ಲಿಟ್ಟು ಬಂದರು. ಗಾಳಿ ಹಾದುಹೋಗುವಾಗ ಒತ್ತಡ 100 ಮಿಲಿಬಾರ್‌ನಷ್ಟು ಕುಸಿದದ್ದನ್ನು ಅದು ದಾಖಲಿಸಿತು. ಅಷ್ಟು ದೊಡ್ಡ ಕುಸಿತವನ್ನು ಅದಕ್ಕೆ ಮೊದಲು ಯಾರೂ ಅಳೆದಿರಲಿಲ್ಲ.

ಇಷ್ಟೆಲ್ಲ ರಾಡಾರ್ ಇರುವಾಗ ಇವರ ಕಣ್ಣು ಏಕೆ ಬೇಕು ಎಂಬುದು ನ್ಯಾಯವಾದ ಪ್ರಶ್ನೆಯೇ. ಉತ್ತರ ಭೂಮಿಯ ಆಕಾರದಲ್ಲಿದೆ. ರಾಡಾರ್ ಕಿರಣ ತುಸು ಮೇಲ್ಮುಖವಾಗಿ ಹೊರಡುತ್ತದೆ, ಅತ್ತ ಭೂಮಿ ಬಾಗುತ್ತ ಹೋಗುತ್ತದೆ. ನೂರು ಕಿಲೋಮೀಟರ್ ದೂರದಲ್ಲಿ ಕೆಳಗಿನ ಕಿರಣವೂ ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಮೇಲಿರುತ್ತದೆ. ಮೋಡ ತಿರುಗುತ್ತಿದೆ ಎಂದು ಅದು ಹೇಳಬಲ್ಲದು. ಸುಂಟರಗಾಳಿ ನೆಲ ಮುಟ್ಟಿತೇ ಎಂಬುದನ್ನು ಅಲ್ಲಿ ನಿಂತವರೇ ಹೇಳಬೇಕು. ಅದಕ್ಕೇ ಅಮೆರಿಕದ ಹವಾಮಾನ ಇಲಾಖೆ ‘ಸ್ಕೈವಾರ್ನ್’ ಎಂಬ ಹೆಸರಿನಲ್ಲಿ ಸಾಮಾನ್ಯ ಜನರಿಗೆ ಮೋಡ ನೋಡುವ ತರಬೇತಿ ಕೊಟ್ಟು ವರದಿ ತರಿಸಿಕೊಳ್ಳುತ್ತದೆ. ಕಣ್ಣಾರೆ ನೋಡಬೇಕಾದರೆ ಹತ್ತಿರ ಹೋಗಲು ದಾರಿಯೂ ಇರಬೇಕು. ಈ ಹವ್ಯಾಸ ಅಮೆರಿಕದ ಬಯಲಿನಲ್ಲೇ ಬೇರೂರಿದ್ದಕ್ಕೆ ಗಾಳಿಯಷ್ಟೇ ರಸ್ತೆಯೂ ಕಾರಣ. ಮರಗಳಿಲ್ಲದ ಬಯಲು, ಮೈಲಿಗೊಂದು ರಸ್ತೆ ಅಡ್ಡಡ್ಡ ಉದ್ದುದ್ದ ಗೆರೆ ಎಳೆದ ಭೂಮಾಪನ. ಜಗತ್ತಿನಲ್ಲಿ ಅತಿ ಹೆಚ್ಚು ಜನರನ್ನು ಕೊಂದ ಸುಂಟರಗಾಳಿ ಬೀಸಿದ್ದು ಅಲ್ಲಲ್ಲ, ನಮ್ಮ ನೆರೆಯ ಬಾಂಗ್ಲಾದೇಶದಲ್ಲಿ: 1989ರ ಏಪ್ರಿಲ್ 26, ಸುಮಾರು 1,300 ಸಾವು. ಹೊಳೆ, ತೋಟ, ಒತ್ತೊತ್ತಾದ ಹಳ್ಳಿಗಳ ಆ ನಾಡಿನಲ್ಲಿ ಕಾರಿನಲ್ಲಿ ಗಾಳಿಯ ಬೆನ್ನುಹತ್ತುವ ಹವ್ಯಾಸ ಹುಟ್ಟಲು ಅವಕಾಶವೇ ಇಲ್ಲ.

ಇನ್ನು ಗಂಭೀರ ಆಕ್ಷೇಪಕ್ಕೆ ಬರೋಣ. ಒಬ್ಬರ ಮನೆ ಹಾರಿಹೋದ ದೃಶ್ಯ ಇನ್ನೊಬ್ಬರ ವಿಡಿಯೊ ರಾತ್ರಿಯ ಮನರಂಜನೆಯಾಗಬಹುದೇ? ಆಗಬಾರದು, ಹಾಗಾದ ಕಡೆ ಸಮರ್ಥನೆಯೂ ಸಲ್ಲ. ಆದರೆ ಈ ಬಳಗದ ತಮಾಷೆ ಯಾರ ಮೇಲೆ ಎಂಬುದನ್ನು ಗಮನಿಸಬೇಕು. ಸೋತ ಮುನ್ಸೂಚನೆಯ ಮೇಲೆ, ಕೆಂಪು ಕೆಸರಿನಲ್ಲಿ ಹೂತುಹೋದ ಕಾರಿನ ಮೇಲೆ, ಆಲಿಕಲ್ಲಿಗೆ ಒಡೆದ ಗಾಜಿನ ಮೇಲೆ, ಹುಚ್ಚುಚ್ಚಾಗಿ ಓಡಿಸುವ ಹೊಸಬರ ಮೇಲೆ. ಮಳೆಯ ತೆರೆಯ ಹಿಂದೆ ಮೋಡ ತಿರುಗುವ ಜಾಗಕ್ಕೆ ಅವರು ‘ಕರಡಿಯ ಪಂಜರ’ ಎನ್ನುತ್ತಾರೆ. ಒಳಗೆ ಹೋದ ಮೇಲೆ ತಾನೆ ಕರಡಿ ಕಾಣುವುದು! ಹೊಸಬನಿಗೆ ಹತ್ತು ಸುರಕ್ಷತಾ ಸೂತ್ರ ಓದಿಸುವುದಕ್ಕಿಂತ ಈ ಒಂದು ಕುಹಕ ಹೆಚ್ಚು ನಾಟುತ್ತದೆ. ಎಚ್ಚರಿಕೆಯನ್ನು ಉಪದೇಶವಾಗಿ ಕೊಟ್ಟರೆ ಪ್ರಾಯದವರು ಕೇಳುವುದಿಲ್ಲ; ಸಭೆಯಲ್ಲಿ ನಗೆಪಾಟಲಾಗುವ ಭಯವಿದ್ದರೆ ಕೇಳುತ್ತಾರೆ.

ಕೇಳಿದರೂ ಸಾಲದಾದ ದಿನ ಬಂದದ್ದು 2013ರ ಮೇ 31ರಂದು. ಒಕ್ಲಹೋಮದ ಎಲ್ ರೀನೊ ಬಳಿ ಎದ್ದ ಸುಂಟರಗಾಳಿ 4.2 ಕಿಲೋಮೀಟರ್ ಅಗಲಕ್ಕೆ ಬೆಳೆಯಿತು. ಅದಕ್ಕಿಂತ ಅಗಲವಾದದ್ದು ದಾಖಲೆಯಲ್ಲಿಲ್ಲ. ದಿಕ್ಕನ್ನೂ ವೇಗವನ್ನೂ ಹಠಾತ್ತನೆ ಬದಲಿಸಿದ ಅದಕ್ಕೆ ಸಿಕ್ಕಿ ಟಿಮ್ ಸಮಾರಸ್, ಅವರ ಮಗ ಪಾಲ್, ಜೊತೆಗಾರ ಕಾರ್ಲ್ ಯಂಗ್ ತೀರಿಕೊಂಡರು. ಬೆನ್ನಟ್ಟುವವರಲ್ಲೇ ಅತ್ಯಂತ ಜಾಗರೂಕರೆಂದು ಹೆಸರಾದವರು, ಕೂಟವನ್ನು ಕಟ್ಟಿದವರೇ ಹೀಗೆ ಹೋದ ಮೇಲೆ ಕೂಟದ ಅರ್ಥವೇನು ಎಂದು ಕೇಳಬಹುದು. ಅದಕ್ಕೆ ಬಳಗ ಕೊಟ್ಟ ಉತ್ತರ ನನ್ನ ವಾದಕ್ಕೆ ಸಿಗುವ ಅತಿ ಗಟ್ಟಿ ಸಾಕ್ಷ್ಯ. ಆ ದಿನ ಅಲ್ಲಿದ್ದ ಚೇಸರ್‌ಗಳಿಂದ ಆಂಟನ್ ಸೈಮನ್ ಎಂಬ ಸಂಶೋಧಕರು ಮತ್ತು ಅವರ ಸಂಗಡಿಗರು ವಿಡಿಯೊಗಳನ್ನು ಕೇಳಿ ಪಡೆದರು. ಹತ್ತಾರು ಮಂದಿ ಕೊಟ್ಟರು. ಬೇರೆ ಬೇರೆ ಕ್ಯಾಮೆರಾಗಳ ಸಮಯವನ್ನು ಮಿಂಚು ಹೊಳೆದ ಕ್ಷಣ ಹಿಡಿದು ತಾಳೆ ಹಾಕಿ, ಒಂದೇ ಗಾಳಿಯನ್ನು ಎಲ್ಲ ದಿಕ್ಕಿನಿಂದ ನೋಡುವಂತೆ ಜೋಡಿಸಿದರು. ಅದನ್ನು ಸಂಚಾರಿ ರಾಡಾರ್‌ನ ದಾಖಲೆಯೊಡನೆ ಇಟ್ಟು ನೋಡಿದಾಗ, ಸುಂಟರಗಾಳಿ ಮೋಡದಿಂದ ಕೆಳಗಿಳಿಯುತ್ತದೆ ಎಂಬ ಹಳೆಯ ನಂಬಿಕೆಗೆ ವಿರುದ್ಧವಾಗಿ, ಸುಳಿ ಮೊದಲು ನೆಲದ ಬಳಿಯೇ ಮೂಡಿದ್ದು ಕಂಡಿತು. 2018ರಲ್ಲಿ ಜಾನಾ ಹೌಸರ್ ಮತ್ತು ಸಂಗಡಿಗರು ಇದನ್ನು ವಿಜ್ಞಾನಿಗಳ ಮುಂದಿಟ್ಟರು. ಮಾರಿದರೆ ಟಿ.ವಿ. ವಾಹಿನಿಗಳಿಂದ ಹಣ ಬರುವಂಥ ವಿಡಿಯೊಗಳು ಅವು. ತೆಗೆದವರ ತಪ್ಪು ನಿರ್ಧಾರಗಳೂ ಅವುಗಳಲ್ಲಿ ದಾಖಲಾಗಿದ್ದವು. ಆದರೂ ಕೊಟ್ಟರೆಂದರೆ, ಸೋಲನ್ನು ಒಬ್ಬರ ಮುಂದೊಬ್ಬರು ಹೇಳಿಕೊಂಡು ನಕ್ಕು ಬೆಳೆದ ಸಲಿಗೆ ಅದರ ಹಿಂದಿದೆ ಎಂದೇ ನನ್ನ ಎಣಿಕೆ.

ಒಪ್ಪಿಕೊಳ್ಳಬೇಕಾದದ್ದೂ ಇದೆ. ಈ ಹವ್ಯಾಸದಲ್ಲಿ ಗಾಳಿಗಿಂತ ರಸ್ತೆಯೇ ದೊಡ್ಡ ಅಪಾಯ. 2017ರಲ್ಲಿ ಟೆಕ್ಸಸ್‌ನ ಸ್ಪರ್ ಬಳಿ ಚೇಸರ್‌ಗಳ ಎರಡು ಗಾಡಿಗಳೇ ಪರಸ್ಪರ ಡಿಕ್ಕಿಯಾಗಿ ಮೂವರು ಸತ್ತರು. 2022ರಲ್ಲಿ ಬೆನ್ನಟ್ಟಿ ಮರಳುತ್ತಿದ್ದ ಒಕ್ಲಹೋಮ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು ಹೆದ್ದಾರಿ ಅಪಘಾತದಲ್ಲಿ ಹೋದರು. ಒಳ್ಳೆಯ ಮೋಡ ಎದ್ದ ದಿನ ಹಳ್ಳಿ ರಸ್ತೆಯಲ್ಲಿ ನೂರಾರು ಕಾರುಗಳ ಸಾಲು ನಿಲ್ಲುತ್ತದೆ. ನೇರಪ್ರಸಾರ ಮಾಡಿ ಹಣ ಗಳಿಸುವವರಿಗೆ ಬರಿಗೈಯ ದಿನವೆಂದರೆ ನಗೆಯ ಸರಕಲ್ಲ, ನಷ್ಟ. ನಷ್ಟವಾಗಬಾರದೆಂದರೆ ಇನ್ನೂ ಹತ್ತಿರ ಹೋಗಬೇಕು. ಇಂಥವರಲ್ಲಿ ಎಷ್ಟೋ ಮಂದಿ ಚಳಿಗಾಲದ ಕೂಟದ ಕಡೆ ತಲೆಹಾಕುವುದೇ ಇಲ್ಲ. ಕೂಟದ ನಗೆ ಅಲ್ಲಿಗೆ ಬರುವವರನ್ನಷ್ಟೇ ತಿದ್ದಬಲ್ಲದು, ಅದು ಅದರ ಮಿತಿ.

ಹಾಗಾದರೆ ಪರವಾನಗಿ ಕಡ್ಡಾಯ ಮಾಡಿ ಎನ್ನುವವರಿದ್ದಾರೆ. ಪರವಾನಗಿಯ ಮಾತು ಒಕ್ಲಹೋಮದ ಶಾಸನಸಭೆಯವರೆಗೂ ಹೋಗಿದೆ. ಕೇಳಲು ಸರಿ, ಆಚರಣೆಗೆ ತೊಡಕು. ಸಾರ್ವಜನಿಕ ರಸ್ತೆಯಲ್ಲಿ ಕಾರು ನಿಲ್ಲಿಸಿ ಮೋಡ ನೋಡುವ ರೈತನಿಗೂ ಚೇಸರ್‌ಗೂ ನಡುವೆ ಪೊಲೀಸ್ ಎಲ್ಲಿ ಗೆರೆ ಎಳೆಯಬೇಕು? ವೇಗದ ಮಿತಿ, ರಸ್ತೆಯ ನಡುವೆ ಗಾಡಿ ನಿಲ್ಲಿಸಬಾರದೆಂಬ ನಿಯಮ ಈಗಾಗಲೇ ಎಲ್ಲರಿಗೂ ಇವೆ. ಜಾರಿ ಮಾಡಬೇಕಾದ್ದು ಅವನ್ನು. ಪರವಾನಗಿ ಬಂದರೆ ಅದನ್ನು ಮೊದಲು ಕೊಳ್ಳುವವರು ಅದರಿಂದ ಸಂಪಾದಿಸುವವರೇ ಆದಾರು. ರಜೆ ಹಾಕಿ, ಕೈಯಿಂದ ಪೆಟ್ರೋಲ್ ತುಂಬಿಸಿ ಬರುವ ಹೋಡ್ಲಿಯಂಥವರು ಹೊರಗುಳಿದಾರು. ಅದಕ್ಕಿಂತ, ಹವಾಮಾನ ಇಲಾಖೆಯ ತರಬೇತಿ ತರಗತಿ ಮತ್ತು ಇಂಥ ವಾರ್ಷಿಕ ಕೂಟ ಇನ್ನಷ್ಟು ಊರುಗಳಲ್ಲಿ ನಡೆಯುವುದು, ಕೂಟದ ಶುಲ್ಕ ಇನ್ನಷ್ಟು ಕಡಿಮೆಯಾಗುವುದು ಮೇಲು. ನೇರಪ್ರಸಾರದ ಹುಡುಗರನ್ನೂ ಕರೆದು ಕೂರಿಸಿ, ಕಳೆದ ವರ್ಷ ಎಲ್ಲಿ ಕೆಸರಿಗೆ ಬಿದ್ದಿರಿ ಹೇಳಿ ಎಂದು ಕೇಳಬೇಕು.