ಕಾಳ್ಗಿಚ್ಚಿನ ಬಳಿಕ ಮರಗಳ ಮರುಹುಟ್ಟು

2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಹಬ್ಬಿದ ಕಾಳ್ಗಿಚ್ಚು ಸಾವಿರಾರು ಎಕರೆ ಅರಣ್ಯವನ್ನು ಸುಟ್ಟಿತು. ಅಂತಹ ಕರಿಯ ನೆಲವನ್ನು ಕಂಡಾಗ ಮರಗಳೆಲ್ಲವೂ ಸತ್ತುಹೋದುವೆಂದೇ ನಾವು ಬಗೆಯುತ್ತೇವೆ. ವಾಸ್ತವವು ಬೇರೆ. ಹುಲ್ಲೂ ಮರವೂ ಬೆರೆತು ಬೆಳೆಯುವ ಒಣಕಾಡಿನಲ್ಲಿ ಬೆಂಕಿಯು ಬಹುಮಟ್ಟಿಗೆ ಹುಲ್ಲನ್ನೂ ತರಗೆಲೆಯನ್ನೂ ತಿಂದು ಬೇಗನೆ ಮುಂದಕ್ಕೆ ಸಾಗುವುದು. ಮಣ್ಣು ಶಾಖವನ್ನು ಸುಲಭವಾಗಿ ಒಳಕ್ಕೆ ಬಿಡದು. ಕೆಲವು ಅಂಗುಲಗಳ ಕೆಳಗೆ ಬೇರುಗಳು ಜೀವಂತವಾಗಿಯೇ ಇರುವುವು. ಬೆಳೆದ ಮತ್ತಿಯಂತಹ ಮರಕ್ಕೆ ದಪ್ಪನಾದ ತೊಗಟೆಯೇ ಕವಚ. ಎಳೆಯ ಗಿಡಕ್ಕೆ ಆ ಕವಚವಿಲ್ಲ. ಅದರ ಕಾಂಡವು ಸುಟ್ಟುಹೋಗುವುದು. ಆದರೂ ಬೇರಿನಲ್ಲಿ ಕೂಡಿಟ್ಟ ಪಿಷ್ಟದ ಬಲದಿಂದ ಬುಡದ ಮೊಗ್ಗುಗಳು ಮತ್ತೆ ಚಿಗುರುವುವು.

ಹಾಗಾದರೆ ಬೆಂಕಿಯಿಂದ ಭಯವಿಲ್ಲವೆ? ಉಂಟು. ಚಿಗುರು ಆಳೆತ್ತರವನ್ನು ಮೀರಿ, ತೊಗಟೆ ದಪ್ಪವಾಗುವುದಕ್ಕೆ ಹಲವು ವರ್ಷಗಳು ಬೇಕು. ಅದಕ್ಕೆ ಮೊದಲೇ ಮತ್ತೆ ಬೆಂಕಿ ಬಿದ್ದರೆ ಗಿಡವು ಪುನಃ ನೆಲಮಟ್ಟಕ್ಕೆ ಇಳಿಯುವುದು; ಬೇರಿನ ಉಳಿತಾಯವೂ ವೆಚ್ಚವಾಗುವುದು. ಮುಂದೆ ಹಿರಿಯ ಮರಗಳು ಉರುಳಿದಾಗ ಅವುಗಳ ಸ್ಥಾನವನ್ನು ತುಂಬುವ ಮರಗಳೇ ಇಲ್ಲವಾಗುವುವು. ಬೇರುಗಳು ಬೇಡುವುದು ಎರಡು ಬೆಂಕಿಗಳ ನಡುವೆ ಕೆಲವು ವರ್ಷಗಳ ಬಿಡುವನ್ನು ಮಾತ್ರ. ಈ ಕಾಡುಗಳಲ್ಲಿ ಬೆಂಕಿ ಹೊತ್ತುವುದು ಬಹುಪಾಲು ಮನುಷ್ಯರ ಕೈಯಿಂದಲೇ. ಆದುದರಿಂದ ಆ ಬಿಡುವನ್ನು ಕೊಡುವುದೂ ನಮ್ಮ ಕೈಯಲ್ಲಿಯೇ ಇದೆ.