ಬೀಗದ ಕೋಣೆಯಲ್ಲಿ ಕಲಿತ ಪಾಠ

ಮಗಳ ಮನೆಗೆಂದು ಲಂಡನ್ನಿಗೆ ಹೋಗಿದ್ದಾಗ ಮೊಮ್ಮಗಳು ಒಂದು ದಿನ, "ಅಜ್ಜಾ, ಇಂದು ನಾವೆಲ್ಲ ಗೂಢಚಾರರಾಗೋಣ" ಎಂದು ಕೈಹಿಡಿದು ಕರೆದೊಯ್ದಳು. ಮಠದ ಪಾಠಶಾಲೆಯಲ್ಲಿ ಅಮರಕೋಶವನ್ನು ಕಂಠಪಾಠ ಮಾಡಿ ಬೆಳೆದ ನನಗೆ 'ಎಸ್ಕೇಪ್ ರೂಮ್' ಎಂಬುದು ಹೊಸ ಮಾತು. ತಂಡವೊಂದನ್ನು ಕೋಣೆಯೊಳಗೆ ಬಿಟ್ಟು ಬಾಗಿಲು ಮುಚ್ಚುತ್ತಾರೆ. ಅಡಗಿಸಿಟ್ಟ ಸುಳಿವುಗಳನ್ನು ಹುಡುಕಿ, ಒಗಟುಗಳನ್ನು ಬಿಡಿಸಿ, 60 ನಿಮಿಷಗಳೊಳಗೆ ಹೊರಬರಬೇಕು. 2007ರಲ್ಲಿ ಜಪಾನಿನ ಕ್ಯೋಟೋ ನಗರದಲ್ಲಿ ತಕಾವೊ ಕಾಟೊ ಎಂಬುವರು ಇಂಥ ಆಟವನ್ನು ಆರಂಭಿಸಿದರು. ಈಗ ಅದು ಅನೇಕ ದೇಶಗಳಿಗೆ ಹಬ್ಬಿದೆ.

ನಾವು ಹೊಕ್ಕ ಕೋಣೆಯು ಎರಡನೆಯ ಮಹಾಯುದ್ಧ ಕಾಲದ ಗುಪ್ತಚರ ಕಚೇರಿಯಂತಿತ್ತು. ಹಳೆಯ ಟೈಪ್‌ರೈಟರು, ರೇಡಿಯೋ, ಗೋಡೆಯ ಮೇಲೆ ಭೂಪಟ, ಅಂಕಿಗಳ ಬೀಗ ಹಾಕಿದ ಪೆಟ್ಟಿಗೆ. ಮೇಜಿನ ಮೇಲೆ ಅರ್ಥವಾಗದ ಅಕ್ಷರಗಳ ಚೀಟಿಯೊಂದಿತ್ತು. ಅದು ರೋಮಿನ ಜೂಲಿಯಸ್ ಸೀಸರನು ಬಳಸಿದ ಗುಪ್ತಲಿಪಿಯ ರೀತಿಯದೆಂದು ಅಳಿಯಂದಿರು ಗುರುತಿಸಿದರು. ಪ್ರತಿಯೊಂದು ಅಕ್ಷರದ ಬದಲಿಗೆ ಅದರ ಮುಂದಿನ ಮೂರನೆಯ ಅಕ್ಷರವನ್ನು ಬರೆಯುವುದೇ ಅದರ ಕ್ರಮ. ನಮ್ಮ ವರ್ಣಮಾಲೆಯಲ್ಲಾದರೆ 'ಕ'ಕಾರದ ಸ್ಥಾನದಲ್ಲಿ 'ಘ'ಕಾರ ಬಂದಂತೆ.

ಚೀಟಿ ಬಿಡಿಸಿದ್ದಾಯಿತು, ಪೆಟ್ಟಿಗೆಯ ನಾಲ್ಕು ಅಂಕಿಗಳು ಮಾತ್ರ ಸಿಗಲಿಲ್ಲ. ರೇಡಿಯೋದ ಹಿಂಬದಿಯಲ್ಲಿ ಕೆಲವು ಅಂಕಿಗಳನ್ನು ನಾನು ಮೊದಲೇ ಕಂಡಿದ್ದೆ. ಆದರೆ ಕೊನೆಯದು ಮೂರೋ ಎಂಟೋ ತಿಳಿಯಲಿಲ್ಲ. ಹೇಳಿದರೆ ಕಣ್ಣು ಮಂಜಾಗಿರುವ ಸಂಗತಿ ಬಯಲಾಗುವುದೆಂದು ಸುಮ್ಮನಾದೆ. ಗಂಟೆ ಮುಗಿದು, ನಾವು ಸೋತೆವು. ಹೊರಗೆ ಬಂದ ಮೇಲೆ ವಿಷಯ ತಿಳಿಸಿದಾಗ ಮೊಮ್ಮಗಳು, "ಅಜ್ಜಾ, ಮೊದಲೇ ಹೇಳಬಾರದಿತ್ತೇ?" ಎಂದಳು. ಆ ಮಾತು ಮನಸ್ಸಿಗೆ ನಾಟಿತು.

ಮರುವಾರ ಬ್ಲೆಚ್ಲಿ ಪಾರ್ಕಿಗೆ ಹೋದೆವು. ಯುದ್ಧಕಾಲದಲ್ಲಿ ಜರ್ಮನರ 'ಎನಿಗ್ಮಾ' ಯಂತ್ರದ ಗುಪ್ತಸಂದೇಶಗಳನ್ನು ಬಿಡಿಸಿದ ಸ್ಥಳವದು, ಈಗ ವಸ್ತುಸಂಗ್ರಹಾಲಯ. ಅಲನ್ ಟ್ಯೂರಿಂಗ್ ಮತ್ತು ಗೋರ್ಡನ್ ವೆಲ್ಚ್‌ಮನ್ನರು ರೂಪಿಸಿದ 'ಬಾಂಬ್' ಎಂಬ ಯಂತ್ರ 1940ರಲ್ಲಿ ಅಲ್ಲಿ ಕೆಲಸಕ್ಕೆ ತೊಡಗಿತು. ಯುದ್ಧದ ಕೊನೆಯ ವೇಳೆಗೆ ದುಡಿಯುತ್ತಿದ್ದವರು ಸಾವಿರಾರು ಮಂದಿ. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಮಹಿಳೆಯರು. ಒಬ್ಬರಿಗೆ ಸಿಕ್ಕ ತುಣುಕು ತಪ್ಪದೆ ಮುಂದಿನವರ ಕೈಸೇರುತ್ತಿತ್ತು. ಹೊರಗೆ ಮಾತ್ರ, 1970ರ ದಶಕದಲ್ಲಿ ಗುಟ್ಟು ಬಯಲಾಗುವವರೆಗೆ, ಎಷ್ಟೋ ಜನ ಮನೆಯವರಲ್ಲಿಯೂ ತುಟಿಬಿಚ್ಚಲಿಲ್ಲ.

ಕೆಲಸದೊಳಗೆ ಮಾತು, ಹೊರಗೆ ಮೌನ: ಅದು ಕರ್ತವ್ಯದ ಮೌನ. ನಮ್ಮ ಮನೆಗಳಲ್ಲಿ ಇದು ತಿರುಗುಮುರುಗು. ತಂದೆ ಎದೆನೋವನ್ನು ಮುಚ್ಚಿಡುತ್ತಾನೆ, ಮಗ ಸಾಲವನ್ನು ಬಚ್ಚಿಡುತ್ತಾನೆ. ಊರ ಕಟ್ಟೆಯ ಮೇಲೆ ಮಾತ್ರ ಮಾತಿಗೆ ಬರವಿಲ್ಲ. ಇದು ಅಭಿಮಾನದ ಮೌನ. ಬೀಗ ಬೀಳುವುದು ಇದರಿಂದಲೇ.

ಆ ರಾತ್ರಿ ಮಗಳ ಮುಂದೆ ಕಣ್ಣಿನ ವಿಷಯ ಹೇಳಿದೆ. ಬೈಯುವಳೆಂದುಕೊಂಡಿದ್ದೆ, ಅವಳು ಕೈಹಿಡಿದು ಪಕ್ಕದಲ್ಲಿ ಕುಳಿತಳು. ಊರಿಗೆ ಮರಳಿದ ಮೇಲೆ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಈಗ ಮೂರು ಮೂರಾಗಿಯೇ, ಎಂಟು ಎಂಟಾಗಿಯೇ ಕಾಣುತ್ತಿವೆ. ಹೇಳಬೇಕಾದ ಮಾತೊಂದು ತಮ್ಮಲ್ಲಿಯೂ ಉಳಿದಿದ್ದರೆ, ಓದುಗ ಬಂಧುಗಳು ಗಂಟೆ ಮುಗಿಯುವ ಮುನ್ನವೇ ಮನೆಯವರೊಡನೆ ಹೇಳಿಬಿಡುವುದು ಲೇಸು.