ಜಂಬೂದ್ವೀಪದ ಪಟ ಮತ್ತು ಹಳೆಯ ಭೂಪಟಗಳು

ಇನ್ನಂಜೆ, ಕಾಪು, ಕಾರ್ಕಳ ಕಡೆಯ ಶ್ರಾವಕ ಮನೆಗಳ ಮಕ್ಕಳು ಶಾಲೆಯಲ್ಲಿ ಭೂಗೋಲವನ್ನು ಕಲಿಯುತ್ತಾರೆ. ಸ್ವಾಧ್ಯಾಯದಲ್ಲಿ ಜಂಬೂದ್ವೀಪದ ವರ್ಣನೆ ಕೇಳುತ್ತಾರೆ. ಎರಡರಲ್ಲಿ ಯಾವುದು ಸರಿ ಎಂದು ಅವರು ಕೇಳಿದರೆ ಗದರಿಸುವುದು ಉತ್ತರವಲ್ಲ.

ತತ್ತ್ವಾರ್ಥಸೂತ್ರದ ಮೂರನೆಯ ಅಧ್ಯಾಯದಂತೆ ಜಂಬೂದ್ವೀಪದ ವ್ಯಾಸ 1 ಲಕ್ಷ ಯೋಜನ, ನಡುವೆ ಮೇರು. ಆರು ಪರ್ವತಗಳು ಅದನ್ನು ಏಳು ಕ್ಷೇತ್ರಗಳಾಗಿ ವಿಭಾಗಿಸುತ್ತವೆ. ದಕ್ಷಿಣದ ತುದಿಯಲ್ಲಿ ನಮ್ಮ ಭರತ ಕ್ಷೇತ್ರ. ಸುತ್ತಲಿನ ಸಮುದ್ರ, ದ್ವೀಪಗಳ ಅಗಲ ಕ್ರಮವಾಗಿ ಇಮ್ಮಡಿಯಾಗುತ್ತದೆ: ಲವಣ ಸಮುದ್ರ 2 ಲಕ್ಷ, ಧಾತಕೀಖಂಡ 4 ಲಕ್ಷ, ಕಾಲೋದ 8 ಲಕ್ಷ. ಪುಷ್ಕರವರ ದ್ವೀಪದ ಅರ್ಧದವರೆಗೆ, ಮಾನುಷೋತ್ತರ ಪರ್ವತದ ಒಳಗೆ, ಮನುಷ್ಯಲೋಕ. ಒಟ್ಟು ವ್ಯಾಸ 45 ಲಕ್ಷ ಯೋಜನ. ಶ್ರವಣಬೆಳಗೊಳದ ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ 'ತ್ರಿಲೋಕಸಾರ'ದ ವಿಷಯವೂ ಲೋಕದ ಈ ರಚನೆಯೇ.

ಜಂಬೂದ್ವೀಪಕ್ಕೆ ಎರಡು ಸೂರ್ಯ, ಎರಡು ಚಂದ್ರ. ಒಬ್ಬ ಸೂರ್ಯ ಮೇರುವನ್ನು ಪೂರ್ತಿ ಸುತ್ತಲು ಎರಡು ದಿನ ಬೇಕು. ಆದ್ದರಿಂದ ನಾಳೆ ಮೂಡುವವನು ಇನ್ನೊಬ್ಬ. ಹಗಲು ರಾತ್ರಿಗೆ ಲೆಕ್ಕ ಕೊಡುವ ಪ್ರಯತ್ನವಿದು. ಬ್ರಹ್ಮಗುಪ್ತ, ಭಾಸ್ಕರಾಚಾರ್ಯರು ಅಂದೇ ಇದನ್ನು ಆಕ್ಷೇಪಿಸಿದ್ದರು. ಇಂದಿನ ಖಗೋಳವಿಜ್ಞಾನವೂ ಒಪ್ಪುವುದಿಲ್ಲ.

ತಪ್ಪು ನಮ್ಮಲ್ಲಿ ಮಾತ್ರವಿರಲಿಲ್ಲ. 2ನೆಯ ಶತಮಾನದ ಟಾಲೆಮಿಯ ಮಾಹಿತಿಯಿಂದ ಬರೆದ ಭೂಪಟಗಳಲ್ಲಿ ಭಾರತದ ಪರ್ಯಾಯದ್ವೀಪವೇ ಚಪ್ಪಟೆಯಾಗಿದೆ. ಶ್ರೀಲಂಕಾ ಇರುವುದಕ್ಕಿಂತ ಎಷ್ಟೋ ದೊಡ್ಡದು. ಹಿಂದೂ ಮಹಾಸಾಗರದ ಸುತ್ತ ನೆಲವಿದೆ. ಯುರೋಪಿನ ಅನೇಕ ಮಧ್ಯಯುಗದ ಪಟಗಳ ಕೇಂದ್ರ ಜೆರುಸಲೇಂ. ಸುಮಾರು 1450ರಲ್ಲಿ ವೆನಿಸ್‌ನ ಫ್ರಾ ಮಾರೊ ಸಾಗರ ತೆರೆದಿದೆ ಎಂದು ತೋರಿಸಿದ. 1498ರಲ್ಲಿ ವಾಸ್ಕೋ ಡ ಗಾಮ ಆಫ್ರಿಕಾ ಸುತ್ತಿ ಕಲ್ಲಿಕೋಟೆ ಮುಟ್ಟಿದಾಗ ಸಂಶಯ ಉಳಿಯಲಿಲ್ಲ.

ಟಾಲೆಮಿಯ ಪಟ ಊರುಗಳ ನೆಲೆ ಹೇಳಲು ಹೊರಟಿತು. ನಾವಿಕರು ಅದನ್ನು ತಿದ್ದಿದರು. ನಮ್ಮ ಪಟದ ಮುಖ್ಯ ಪ್ರಶ್ನೆ ಬೇರೆ: ಜೀವ ಎಲ್ಲೆಲ್ಲಿ ಹುಟ್ಟುತ್ತದೆ, ಮೋಕ್ಷಕ್ಕೆ ಸಾಧನೆ ಮಾಡಬಲ್ಲ ಕರ್ಮಭೂಮಿ ಯಾವುದು? ಅಷ್ಟಾಹ್ನಿಕ ಪರ್ವದಲ್ಲಿ ನಾವು ನೆನೆಯುವ ನಂದೀಶ್ವರ ದ್ವೀಪ ಮಾನುಷೋತ್ತರದ ಆಚೆಗಿದೆ. ಅಲ್ಲಿಗೆ ಮನುಷ್ಯರು ಹೋಗಲಾರರು, ಆದರೂ ಇಲ್ಲಿಂದಲೇ ಪೂಜೆ ನಡೆಯುತ್ತದೆ.

ಮಕ್ಕಳಿಗೆ ಹೀಗೆ ಹೇಳಬಹುದು: ಹಡಗು ನಡೆಸಲು, ಗ್ರಹಣ ಲೆಕ್ಕ ಹಾಕಲು ಶಾಲೆಯ ಭೂಗೋಲವೇ ಸರಿ. ಜೀವದ ಪಯಣವನ್ನು ಆಚಾರ್ಯರು ಹೇಗೆ ಕಂಡರು, ಮನುಷ್ಯಜನ್ಮ ಎಷ್ಟು ಅಪರೂಪವೆಂದರು ಎಂದು ಅರಿಯಲು ಜಂಬೂದ್ವೀಪದ ಪಟ ನೋಡಬೇಕು. ಒಂದನ್ನು ಕಲಿಯಲು ಇನ್ನೊಂದನ್ನು ಹರಿದುಹಾಕಬೇಕಿಲ್ಲ.